ನಾನಿಟ್ಟ ಹೆಸರು

ಇದನ್ನು ಬರೆಯಬೇಕೆಂದುಕೊಂಡು ಬಹಳ ಕಾಲವಾಯಿತು. ಮೊದಲು ಮಗನ ಮನೆಯ ಗೃಹಪ್ರವೇಶ ಮುಗಿಯಲಿ ಎಂದೆ. ಆಮೇಲೆ ಕಣ್ಣಿನ ಆಪರೇಷನ್ ಆಗಲಿ ಎಂದೆ. ಗೃಹಪ್ರವೇಶವೂ ಆಯಿತು, ಕಣ್ಣೂ ಚೆನ್ನಾಗಿ ಕಾಣುತ್ತಿದೆ. ಇನ್ನು ಹೇಳಿಕೊಳ್ಳಲು ನೆಪ ಉಳಿದಿಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿ. ಸೇವೆಯ ಹೆಚ್ಚಿನ ಪಾಲು ಕಳೆದದ್ದು ಭದ್ರಾವತಿ–ಶಿವಮೊಗ್ಗ ಮಾರ್ಗದಲ್ಲಿ. ನಿವೃತ್ತನಾದ ಎಷ್ಟೋ ಕಾಲದ ಮೇಲೆ, ಹೋದ ವರ್ಷ, ಹೊಸದಾಗಿ ಕೆಲಸಕ್ಕೆ ಸೇರಿದ ಕಂಡಕ್ಟರುಗಳಿಗೆ ಶಿವಮೊಗ್ಗದಲ್ಲಿ ಒಂದು ತರಬೇತಿ ನಡೆಯಿತು. ವಿಶೇಷಚೇತನ ಪ್ರಯಾಣಿಕರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದು ವಿಷಯ. ಅಂಥ ಪ್ರಯಾಣಿಕರನ್ನು ನಾನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೆ ಎಂದು ಯಾರೋ ಹೇಳಿದ್ದರಂತೆ, ನನ್ನನ್ನೂ ಕರೆದರು. ವಕೀಲೆಯೊಬ್ಬರು ಕಾಯ್ದೆಯನ್ನು ವಿವರಿಸಿದರು. ಅಂಗವೈಕಲ್ಯ ಇರುವವರನ್ನು ನಾಲ್ಕು ಜನರೆದುರು ಬೇಕೆಂದೇ ಅವಮಾನ ಮಾಡಿದರೆ ಜೈಲು ಎಂದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ.

“ಮೇಡಂ, ತಮಾಷೆಗೆ ಏನಾದ್ರೂ ಅಂದ್ರೆ? ಪ್ರೀತಿಯಿಂದ?”

ಆಕೆ ನಗುತ್ತ ನನ್ನ ಕಡೆ ತಿರುಗಿದರು. “ಅದನ್ನ ಅನುಭವ ಇರೋರು ಹೇಳ್ಬೇಕು. ಚಂದ್ರಪ್ಪನವರೇ, ನೀವು ಹೇಳಿ.”

ನಾನು ಎದ್ದು ನಿಂತು, “ಪ್ರೀತಿಯಿಂದ ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲಪ್ಪ” ಎಂದೆ. ಚಪ್ಪಾಳೆ ಬಿತ್ತು. ಊಟಕ್ಕೆ ಮುಂಚೆ ನನಗೆ ಶಾಲು ಹೊದಿಸಿದರು.

ನಾನು ಹೇಳಿದ್ದು ಸುಳ್ಳು. ಹೇಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಆ ಹುಡುಗ ಈಗ ಯಾವ ಡಿಪೋದಲ್ಲಿದ್ದಾನೋ ತಿಳಿಯದು. ಅವನ ಕಣ್ಣಿಗೂ ಅವನ ಜೊತೆಯವರ ಕಣ್ಣಿಗೂ ಎಂದಾದರೂ ಬೀಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಸೇರಿದಾಗ ಟಿಕೆಟ್ ಕೊಡುವ ಮೆಷಿನ್ ಇರಲಿಲ್ಲ. ಬಣ್ಣಬಣ್ಣದ ಟಿಕೆಟ್ಟಿನ ಕಟ್ಟುಗಳನ್ನು ಜೋಡಿಸಿದ ಟ್ರೇ, ತೂತು ಮಾಡುವ ಪಂಚು, ಹೆಗಲಿಗೆ ಚರ್ಮದ ಚೀಲ. ಬಾಯಲ್ಲಿ ಎರಡು ಮಾತು. ಬಸ್ಸು ಹೊರಡಬೇಕಾದರೆ ‘ರೈಟ್’, ನಿಲ್ಲಬೇಕಾದರೆ ‘ಹೋಲ್ಡಾನ್’. ಬಸ್ಸು ತುಂಬಿದಾಗ ಹಿಂದಿನ ಬಾಗಿಲಲ್ಲಿ ಏನಾಗುತ್ತಿದೆ ಎಂದು ಡ್ರೈವರಿಗೆ ಕಾಣುವುದಿಲ್ಲ. ಕಂಡಕ್ಟರ್ ರೈಟ್ ಅಂದರೆ ಎಲ್ಲರೂ ಹತ್ತಿದ್ದಾರೆ ಎಂದು ನಂಬಿ ಅವನು ಗೇರು ಹಾಕುತ್ತಾನೆ. ಹೊಸಬರು ಇದನ್ನು ನೆನಪಿಡಬೇಕು. ಆ ಒಂದು ಮಾತಿನ ಮೇಲೆ ಜನರ ಕೈಕಾಲು ನಿಂತಿರುತ್ತದೆ.

ನನ್ನ ಜೊತೆ ಬಹುಕಾಲ ಇದ್ದ ಡ್ರೈವರ್ ಮಣಿ. ಕಾರ್ಖಾನೆಯ ಕೆಲಸಕ್ಕೆಂದು ಬಂದು ಭದ್ರಾವತಿಯಲ್ಲಿ ನೆಲೆಸಿದ ತಮಿಳು ಮನೆಯವನು. ಸಂತೋಷವಾದರೆ ಕನ್ನಡ, ಸಿಟ್ಟು ಬಂದರೆ ತಮಿಳು. ಖಾಲಿ ರಸ್ತೆಯಲ್ಲೂ ಹೆದರಿ ಹೆದರಿ ಓಡಿಸುತ್ತಿದ್ದ ಅವನಿಗೆ ನಾನು ‘ಸೆಕೆಂಡ್ ಗೇರ್’ ಎಂದು ಹೆಸರಿಟ್ಟಿದ್ದೆ. ಅಡ್ಡಹೆಸರು ಇಡುವುದು ನನಗೆ ಚಟ. ಭದ್ರಾವತಿಯ ಓಲ್ಡ್ ಟೌನಿನಿಂದ ಹೂವಿನ ಬುಟ್ಟಿ ತರುವಾಕೆ ‘ಸೇವಂತಿಗೆ ಅಕ್ಕ’. ದಿನವೂ ದೊಡ್ಡ ನೋಟು ಕೊಟ್ಟು ಚಿಲ್ಲರೆಗೆ ಜಗಳವಾಡುವ ಗುಮಾಸ್ತರು ‘ಚಿಲ್ಲರೆ ಸ್ವಾಮಿ’. ಅವರೆಲ್ಲ ನಗುತ್ತಿದ್ದರು, ಆ ಹೆಸರಿಗೆ ಓಗೊಡುತ್ತಿದ್ದರು, ತಿರುಗಿ ನನ್ನ ಕಾಲನ್ನೂ ಎಳೆಯುತ್ತಿದ್ದರು. ಮೊದಲು ಬಂದ ಬಸ್ಸನ್ನು ಬಿಟ್ಟು ನನ್ನ ಬಸ್ಸಿಗೇ ಕಾಯುವವರಿದ್ದರು. ಇದನ್ನು ಹೊಗಳಿಕೊಳ್ಳಲು ಬರೆಯುತ್ತಿಲ್ಲ. ನಾನು ಕೆಟ್ಟ ಬಾಯಿಯವನಾಗಿರಲಿಲ್ಲ ಎಂಬುದು ಗೊತ್ತಿದ್ದರೆ ಮುಂದಿನದು ಸರಿಯಾಗಿ ಅರ್ಥವಾಗುತ್ತದೆ.

ಕುಂಟ, ಕುರುಡ, ಮೂಗ. ಆಗ ಇವು ಬೈಗುಳ ಎಂದು ನಮಗೆ ಅನ್ನಿಸಿಯೇ ಇರಲಿಲ್ಲ. ಎತ್ತರದವನನ್ನು ಉದ್ದ ಎಂದಂತೆ ಕಾಲು ಬಾರದವನನ್ನು ಕುಂಟ ಎನ್ನುವುದು. ನನ್ನ ಅಜ್ಜಿ ಅಂಥವರು ಬಾಗಿಲಿಗೆ ಬಂದರೆ “ಪಾಪ, ಹಿಂದಿನ ಜನ್ಮದ್ದು” ಎಂದು ಮೊರದಲ್ಲಿ ಅಕ್ಕಿ ತಂದು ಹಾಕುತ್ತಿದ್ದಳು. ಅಕ್ಕಿಯ ಜೊತೆ ತೀರ್ಪನ್ನೂ ಹಾಕುತ್ತಿದ್ದಳು ಎಂದು ನನಗೆ ಆಗ ತಿಳಿದಿರಲಿಲ್ಲ. ನಾನು ಬಸ್ಸಿಗೆ ಬಂದದ್ದು ಆ ಅಜ್ಜಿಯ ಮೊಮ್ಮಗನಾಗಿಯೇ.

ಮೊದಲ ಪಾಠ ಕಲಿಸಿದವರು ಗಂಗಾಧರಪ್ಪ. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಶಿವಮೊಗ್ಗದ ಒಂದು ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್, ಮನೆ ಓಲ್ಡ್ ಟೌನಿನಲ್ಲಿ. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಿಳಿ ಕೋಲು. ಅವರು ಮೊದಲ ದಿನ ಬಂದಾಗ ನಾನು ದೊಡ್ಡ ಉಪಕಾರ ಮಾಡುವವನಂತೆ ಕೆಳಗಿಳಿದು, ತೋಳು ಹಿಡಿದು, ಬಸ್ಸಿನೊಳಕ್ಕೆ ಎಳೆದೆ. ಅವರು ಬಾಗಿಲಲ್ಲೇ ಗಟ್ಟಿಯಾಗಿ ನಿಂತರು.

“ಕಂಡಕ್ಟ್ರೇ, ನನ್ನನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರಿ? ಠಾಣೆಗಾ?”

ಬಸ್ಸಿನವರೆಲ್ಲ ನಕ್ಕರು.

“ಸಹಾಯ ಮಾಡ್ತಿದ್ದೀನಿ ಸ್ವಾಮಿ.”

“ಹಂಗಾದ್ರೆ ನನ್ನ ಕೈ ಬಿಡಿ. ನಿಮ್ಮ ಕೈ ಕೊಡಿ, ನಾನು ಹಿಡ್ಕೋತೀನಿ. ನಾನು ಹಿಡ್ಕೊಂಡ್ರೆ ನಾನು ನಡೀತೀನಿ. ನೀವು ಹಿಡ್ಕೊಂಡ್ರೆ ನಾನು ಸಾಮಾನು.”

ಇನ್ನೊಂದು ದಿನ ವಯಸ್ಸಾದ ಹೆಂಗಸೊಬ್ಬರು ಇಳಿಯುವ ಮುಂಚೆ ಅವರ ಅಂಗೈಯಲ್ಲಿ ಎಂಟಾಣೆ ಇಟ್ಟು ಕೈಮುಗಿದರು. ಗಂಗಾಧರಪ್ಪ ನಾಣ್ಯವನ್ನು ಬೆರಳಲ್ಲಿ ತಿರುಗಿಸಿ ನೋಡಿ ನನ್ನನ್ನು ಕರೆದರು. “ಚಂದ್ರಪ್ಪ, ತಗೋ. ಈಯಮ್ಮ ಯಾರಿಗೋ ಟಿಕೆಟ್ ತಗೊಳ್ಳೋದು ಮರೆತಿದಾರೆ ನೋಡು.” ಆ ಹೆಂಗಸು ಗಾಬರಿಯಾಗಿ, “ಇಲ್ಲಪ್ಪ, ನಿನಗೇ ಕೊಟ್ಟಿದ್ದು” ಎಂದರು. “ನಂಗ್ಯಾಕಮ್ಮ? ನಂಗೆ ಸಂಬಳ ಬರುತ್ತೆ. ಅದು ಸಾಲಲ್ಲ ಅನ್ನೋದು ಬೇರೆ ಮಾತು.” ಆಮೇಲೆ ಆಕೆಗೆ ನೋವಾಗಬಾರದೆಂದು ಅವರೇ ನಕ್ಕು, ಊರು ಕೇರಿ ವಿಚಾರಿಸಿ, ಮಾತಾಡಿಸಿ ಕಳಿಸಿದರು. ಅವರ ತಮಾಷೆ ಹಾಗಿತ್ತು, ಕೊನೆಗೆ ಯಾರೂ ಬಿದ್ದಿರುತ್ತಿರಲಿಲ್ಲ. ನನ್ನದೂ ಹಾಗೇ ಎಂದುಕೊಂಡಿದ್ದೆ.

ಇನ್ನು ಟೀಚರೊಬ್ಬರ ವಿಷಯ.

ಬೆಳಗಿನ ಟ್ರಿಪ್ಪು ಓಲ್ಡ್ ಟೌನಿನಿಂದ ಹೊರಟು ಜನ್ನಾಪುರ ಸುತ್ತಿ ಶಿವಮೊಗ್ಗಕ್ಕೆ ಹೋಗುತ್ತಿತ್ತು. ಜನ್ನಾಪುರದ ಸ್ಟಾಪಿನಲ್ಲಿ ಅವರು ಹತ್ತುತ್ತಿದ್ದರು. ಆಗಿನ್ನೂ ಚಿಕ್ಕ ವಯಸ್ಸು. ಎಡಗಾಲಿಗೆ ಪೋಲಿಯೊ ಆಗಿ ತೊಡೆಯವರೆಗೂ ಕಬ್ಬಿಣದ ಪಟ್ಟಿಯಿರುವ ಬೂಟು ಹಾಕುತ್ತಿದ್ದರು. ಶಿವಮೊಗ್ಗದ ದುರ್ಗಿಗುಡಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ. ಖಾಯಂ ಆಗಿರಲಿಲ್ಲ, ವರ್ಷ ವರ್ಷ ಮುಂದುವರಿಸುತ್ತಿದ್ದರು. ಆಗಿನ ಬಸ್ಸಿನ ಮೆಟ್ಟಿಲು ಗಟ್ಟಿ ಕಾಲಿನವರಿಗೇ ಎತ್ತರ. ಅವರು ಮೊದಲು ಬ್ಯಾಗನ್ನು ಒಳಗಿಟ್ಟು, ಕಂಬಿ ಹಿಡಿದು, ಬಲಗಾಲು ಮೇಲಿಟ್ಟು, ಆಮೇಲೆ ಎಡಗಾಲನ್ನು ಕೈಯಿಂದಲೇ ಎತ್ತಿ ಇಟ್ಟುಕೊಳ್ಳಬೇಕಿತ್ತು.

ಅವರು ಬರಲು ಶುರುಮಾಡಿದ ವಾರವೇ ನಾನು ಒಂದು ತಪ್ಪು ಮಾಡಿದೆ. ಬ್ಯಾಗು ಒಳಗೆ ಬಂದದ್ದನ್ನು ನೋಡಿ ಆಳೂ ಬಂದರೆಂದುಕೊಂಡು ಮುಂದೆ ಟಿಕೆಟ್ ಹರಿಯುತ್ತ “ರೈಟ್” ಎಂದುಬಿಟ್ಟೆ. ಬಸ್ಸು ಜಗ್ಗಿತು. “ಹೋಲ್ಡಾನ್! ಹೋಲ್ಡಾನ್!” ಎಂದು ಜನ ಕೂಗಿದರು. ತಿರುಗಿ ನೋಡಿದರೆ ಆಕೆ ಎರಡೂ ಕೈಯಲ್ಲಿ ಕಂಬಿಗೆ ಜೋತುಬಿದ್ದಿದ್ದಾರೆ, ಕಬ್ಬಿಣದ ಬೂಟು ನೆಲಕ್ಕೆ ಉಜ್ಜುತ್ತಿದೆ. ಮಣಿ ಬ್ರೇಕ್ ಹಾಕಿ ಇಳಿದು ಓಡಿ ಬಂದ. ನನ್ನನ್ನು ತಮಿಳಿನಲ್ಲಿ ಬೈದ.

ಆಕೆ ಸೀಟಿನಲ್ಲಿ ಕೂತು, ತರಚಿದ ಮೊಣಕೈಗೆ ಕರವಸ್ತ್ರ ಒತ್ತಿಕೊಂಡು, ನಿಧಾನವಾಗಿ ಹೇಳಿದರು: “ಅಣ್ಣ, ನಾಳೆಯಿಂದ ನಾನು ಕೂತ ಮೇಲೆ ರೈಟ್ ಹೇಳಿ. ಹತ್ತಿದ ಮೇಲೆ ಅಲ್ಲ, ಕೂತ ಮೇಲೆ.”

“ಆಗಲಮ್ಮ” ಎಂದೆ. ಆ ಮಾತನ್ನು ನಾನು ನಡೆಸಿಕೊಟ್ಟೆ. ಅದರಲ್ಲಿ ಸುಳ್ಳಿಲ್ಲ.

ಮಾರನೆಯ ದಿನದಿಂದ ಜನ್ನಾಪುರದ ಸ್ಟಾಪು ಇನ್ನೂ ದೂರವಿದ್ದಾಗಲೇ ನಾನು ಮಣಿಗೆ ಕೂಗಿ ಹೇಳುತ್ತಿದ್ದೆ: “ಹೋಲ್ಡಾನ್, ಟೀಚರ್ ಇದಾರೆ!” ಅವರು ಕೂರುವವರೆಗೂ “ಹೋಲ್ಡಾನ್, ಹೋಲ್ಡಾನ್” ಎನ್ನುತ್ತಲೇ ಇರುತ್ತಿದ್ದೆ. ಕೂತ ಮೇಲೆ ರೈಟ್. ಕ್ರಮೇಣ ಎರಡು ಮಾತು ಕೂಡಿಕೊಂಡು ಒಂದಾದವು. “ಹೋಲ್ಡಾನ್ ಟೀಚರ್ ಬಂದ್ರು, ಜಾಗ ಬಿಡ್ರಪ್ಪ!” ನಾನು ಹೀಗೆ ಅಂದರೆ ಜನ ನಗುತ್ತ ಜಾಗ ಬಿಡುತ್ತಿದ್ದರು. ಸೇವಂತಿಗೆ ಅಕ್ಕ ಒಂದು ಮೊಳ ಹೂವು ಕೊಟ್ಟು “ಹೋಲ್ಡಾನ್ ಟೀಚರ್ರೇ, ಮುಡ್ಕೊಳ್ಳಿ” ಎನ್ನುತ್ತಿದ್ದಳು. ಹಿಂದೆ ಜನ್ನಾಪುರದಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರು ಎಂದು ನನಗೆ ಗೊತ್ತಿತ್ತು. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಿಂತ ನನ್ನದು ಎಷ್ಟೋ ವಾಸಿ ಎಂದು ನನಗೆ ಹೆಮ್ಮೆಯೇ ಇತ್ತು. ಅವರ ಪಾಸಿನಲ್ಲಿ ಹೆಸರು ಇರುತ್ತಿತ್ತು. ನಾನು ನೋಡುತ್ತಿದ್ದದ್ದು ಕೊನೆಯ ತಾರೀಖು ಮಾತ್ರ. ಅವರು ಮೊದಮೊದಲು ನಕ್ಕಂತೆ ನೆನಪು. ಅಥವಾ ನಕ್ಕರೆಂದು ನಾನು ಅಂದುಕೊಂಡೆನೋ.

ಆಗ ಶಿವಮೊಗ್ಗ ನಿಲ್ದಾಣದಲ್ಲಿ ಬಸ್ಸುಗಳ ಸಮಯ ನೋಡುತ್ತಿದ್ದವರು ನಾಗೇಶರಾಯರು. ಶಿಸ್ತಿನ ಮನುಷ್ಯ, ಗಡಿಯಾರವನ್ನು ಮಣಿಕಟ್ಟಿನ ಒಳಮುಖಕ್ಕೆ ಕಟ್ಟುತ್ತಿದ್ದರು. ಒಂದು ದಿನ ಎಲ್ಲರೂ ಇಳಿಯುತ್ತಿರುವಾಗಲೇ ನನ್ನನ್ನು ಹಿಡಿದರು.

“ಏನ್ರೀ ಚಂದ್ರಪ್ಪ, ನಿಮ್ಮ ಬಸ್ಸೊಂದೇ ದಿನಾ ಲೇಟಲ್ಲ?”

“ಜನ್ನಾಪುರದಲ್ಲಿ ಒಬ್ರು ಟೀಚರ್ ಹತ್ತುತಾರೆ ಸಾರ್. ಕಾಲಿಗೆ ತೊಂದರೆ. ಸ್ವಲ್ಪ ನಿಧಾನ.”

“ಒಬ್ರಿಗೋಸ್ಕರ ಬಸ್ಸು ತುಂಬಾ ಜನ ಕಾಯ್ಬೇಕೇನ್ರಿ?”

ಮೆಟ್ಟಿಲಿಳಿಯುತ್ತಿದ್ದ ಗಂಗಾಧರಪ್ಪ ಕೋಲನ್ನು ನೆಲಕ್ಕೆ ಊರಿ ನಿಂತರು.

“ರಾಯರೇ, ರೈಲ್ವೆ ಗೇಟು ಹಾಕಿದ್ರೆ ಇದೇ ಬಸ್ಸು ನಿಂತಿರುತ್ತೆ. ಯಾವತ್ತಾದ್ರೂ ರೈಲಿಗೆ ನೋಟಿಸ್ ಕೊಟ್ಟಿದ್ದೀರಾ? ಆ ಹೆಣ್ಮಗಳಿಗೆ ಅರ್ಧ ನಿಮಿಷ ಬೇಕು. ಅದು ಅವಳ ತಪ್ಪಲ್ಲ, ನಿಮ್ಮ ಮೆಟ್ಟಿಲಿನ ತಪ್ಪು.”

ರಾಯರು ಗಡಿಯಾರ ನೋಡಿಕೊಂಡರು. “ನಿಮಗೆ ಉತ್ತರ ಕೊಡೋಕೆ ನನ್ನ ಹತ್ರ ಟೈಮಿಲ್ಲ ಗಂಗಾಧರಪ್ಪನವರೇ” ಎಂದು ನಕ್ಕು ಹೋದರು. ಆಮೇಲೆ ಆ ಟ್ರಿಪ್ಪಿನ ತಡದ ಬಗ್ಗೆ ಅವರು ಎಂದೂ ಕೇಳಲಿಲ್ಲ. ಮೇಲಧಿಕಾರಿಗಳಲ್ಲಿ ಅಂಥವರೂ ಇರುತ್ತಾರೆ. ಒಪ್ಪಿದೆ ಎಂದು ಬಾಯಲ್ಲಿ ಹೇಳುವುದಿಲ್ಲ, ಕೇಳುವುದನ್ನು ನಿಲ್ಲಿಸುತ್ತಾರೆ. ಮೆಟ್ಟಿಲಿನ ತಪ್ಪು ಎಂಬ ಮಾತು ಮಾತ್ರ ನನಗೆ ತಮಾಷೆಯಾಗಿ ಕೇಳಿತು. ಅದು ಬರೀ ತಮಾಷೆಯಲ್ಲ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಆ ವರ್ಷದ ಕೊನೆಗೆ ಒಂದು ಸಂಜೆ ಟೀಚರು ಶಿವಮೊಗ್ಗದಲ್ಲಿ ನನ್ನ ಬಸ್ಸು ಹತ್ತಿದರು. ಜೊತೆಗೆ ಅವರ ಶಾಲೆಯ ಏಳೆಂಟು ಮಕ್ಕಳು. ಓಲ್ಡ್ ಟೌನಿನಲ್ಲಿ ಯಾವುದೋ ಲೆಕ್ಕದ ಸ್ಪರ್ಧೆಗೆ ಕರೆದುಕೊಂಡು ಹೊರಟಿದ್ದರು. ದಾರಿಯುದ್ದಕ್ಕೂ ಮಕ್ಕಳಿಗೆ ಬಾಯಿಲೆಕ್ಕ ಕೇಳುತ್ತಿದ್ದರು. ಹೇಳಿದವರಿಗೆ ಕಿಟಕಿಯ ಸೀಟು. ಅಷ್ಟು ಖುಷಿಯಾಗಿ ಅವರನ್ನು ನಾನು ಮುಂಚೆ ಕಂಡಿರಲಿಲ್ಲ. ಸಂಜೆಯ ಬಸ್ಸು ಓಲ್ಡ್ ಟೌನ್ ಮುಟ್ಟಿ ಜನ್ನಾಪುರಕ್ಕೆ ಹೋಗುತ್ತಿತ್ತು. ಓಲ್ಡ್ ಟೌನ್ ಬಂತು. ಬಸ್ಸು ನಿಲ್ಲುತ್ತಿದ್ದ ಹಾಗೆ ನಾನು ಎಂದಿನಂತೆ ಕೂಗಿದೆ.

“ಹೋಲ್ಡಾನ್! ಹೋಲ್ಡಾನ್ ಟೀಚರ್ ಇಳೀತಾರೆ!”

ಒಬ್ಬ ಪುಟ್ಟ ಹುಡುಗಿ ಬೆರಗಾಗಿ ಕೇಳಿದಳು: “ಮಿಸ್, ನಿಮ್ಮ ಹೆಸ್ರು ಹೋಲ್ಡಾನಾ?”

ಉಳಿದ ಮಕ್ಕಳು ಬಿದ್ದು ಬಿದ್ದು ನಕ್ಕರು. ಟೀಚರು ಇಳಿದರು. ಬೂಟನ್ನು ನೆಲಕ್ಕೆ ಸರಿಯಾಗಿ ಊರಿಕೊಂಡು ಬಸ್ಸಿನ ಕಡೆ ತಿರುಗಿ ನಿಂತರು.

“ಅಣ್ಣ, ನನಗೊಂದು ಹೆಸರಿದೆ.” ಆ ಹೆಸರನ್ನು ತರಗತಿಯಲ್ಲಿ ಹೇಳುವಂತೆ ಬಿಡಿಸಿ, ಗಟ್ಟಿಯಾಗಿ ಹೇಳಿದರು. “ಅದರಲ್ಲೇ ಕರೀರಿ.”

ಆ ಕ್ಷಣದಲ್ಲಿ ನಾನು ‘ಆಗಲಮ್ಮ’ ಎಂದಿದ್ದರೆ ಸಾಕಿತ್ತು. ಹಿಂದೆ ಒಮ್ಮೆ ಅಂದಿದ್ದೆನಲ್ಲ. ಆದರೆ ಬಸ್ಸು ತುಂಬಿತ್ತು, ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

“ಅಯ್ಯೋ ಬಿಡಿ ಟೀಚರ್ರೇ, ಆ ಹೆಸ್ರು ಭದ್ರಾವತಿಲಿ ಬೀದಿಗೊಬ್ರಿಗಿದೆ. ಹೋಲ್ಡಾನ್ ಟೀಚರ್ ಅಂದ್ರೆ ನೀವೊಬ್ರೇ!”

ಬಸ್ಸಿಗೆ ಬಸ್ಸೇ ನಕ್ಕಿತು. ಮಕ್ಕಳೂ ನಕ್ಕರು. ಅವರು ನಗಲಿಲ್ಲ. ನಾನು “ರೈಟ್” ಎಂದೆ.

ಮರುದಿನದಿಂದ ಜನ್ನಾಪುರದ ಸ್ಟಾಪಿನಲ್ಲಿ ಅವರಿರಲಿಲ್ಲ. ಇನ್ನೂ ಕತ್ತಲಿರುವಾಗ ಹೋಗುವ ಮೊದಲ ಬಸ್ಸಿಗೆ ಹೋಗುತ್ತಾರೆ ಎಂದು ಆ ಬಸ್ಸಿನ ಕಂಡಕ್ಟರ್ ಹೇಳಿದ. ಸ್ವಲ್ಪ ದಿನ ಬಿಟ್ಟು ಗಂಗಾಧರಪ್ಪ ನನ್ನ ಸೀಟಿನ ಪಕ್ಕ ಬಂದು ಕೂತರು. ಅವರ ಕಚೇರಿಯ ಗುಮಾಸ್ತರೊಬ್ಬರ ಮಗ ಟೀಚರ ಶಾಲೆಯಲ್ಲೇ ಓದುತ್ತಿದ್ದ.

“ಚಂದ್ರಪ್ಪ, ನೀನಿಟ್ಟ ಹೆಸರು ಶಾಲೆಗೆ ಹೋಗಿ ಕೂತಿದೆ ಮಾರಾಯ. ಆಯಮ್ಮ ಬೋರ್ಡಿನ ಕಡೆ ತಿರುಗಿದ್ರೆ ಸಾಕು, ಹಿಂದಿನಿಂದ ಹೋಲ್ಡಾನ್ ಅಂತಾರಂತೆ. ನಡೆದು ಹೋದ್ರೆ ರೈಟ್ ರೈಟ್ ಅಂತಾರಂತೆ.”

“ನಾನು ಪ್ರೀತಿಗೆ ಅಂದಿದ್ದು ಸಾರ್. ಆಣೆಗೂ.”

“ನನಗೆ ಯಾಕೆ ಅಂಥದ್ದೊಂದು ಹೆಸರಿಟ್ಟಿಲ್ಲ ನೀನು?”

“ನಿಮಗೆ ಹೆಂಗೆ ಸಾರ್…”

“ಅದೇ. ಇಟ್ರೆ ನಾನು ತಿರುಗಿ ಅಂತೀನಿ ಅಂತ ನಿನಗೆ ಗೊತ್ತು. ಹೋಗಿ ತಪ್ಪಾಯ್ತು ಅನ್ನು. ದೊಡ್ಡ ಕೆಲಸ ಏನಲ್ಲ.”

ದೊಡ್ಡ ಕೆಲಸವಲ್ಲ ಎಂದು ನನಗೂ ಗೊತ್ತಿತ್ತು. ಅದಕ್ಕೇ ನಾಳೆ, ನಾಡಿದ್ದು ಎಂದೆ. ಒಂದು ಭಾನುವಾರ ಟೀಚರ ಬೀದಿಯ ತಿರುವಿನವರೆಗೆ ಹೋಗಿ, ಅಂಗಡಿಯಲ್ಲಿ ಬಾಳೆಹಣ್ಣು ಕೊಂಡು, ಅಲ್ಲೇ ತಿಂದು ವಾಪಸು ಬಂದೆ. ಬೇಸಿಗೆ ರಜೆ ಕಳೆದ ಮೇಲೆ ಶಾಲೆ ಅವರನ್ನು ಮುಂದುವರಿಸಲಿಲ್ಲ. ಮಕ್ಕಳು ಹತೋಟಿಗೆ ಬರುವುದಿಲ್ಲ ಎಂದರಂತೆ. ಅವರು ಮನೆಯಲ್ಲೇ ಪಾಠ ಹೇಳಿಕೊಡಲು ಶುರುಮಾಡಿದರು ಎಂದು ಕೇಳಿದೆ. ಮಕ್ಕಳು ತುಂಬ ಬರುತ್ತಾರೆ ಎಂದೂ ಕೇಳಿ, ಒಳ್ಳೆಯದೇ ಆಯಿತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲಿನ ವರ್ಷಗಳಲ್ಲಿ ಎಲ್ಲವೂ ಬದಲಾಯಿತು. ತೊಂಬತ್ತೈದರಲ್ಲಿ ಅಂಗವಿಕಲರ ಕಾಯ್ದೆ ಬಂತು. ಅದರಲ್ಲಿ ಏಳು ಬಗೆಯ ವೈಕಲ್ಯ ಇದ್ದದ್ದು ಎರಡು ಸಾವಿರದ ಹದಿನಾರರ ಕಾಯ್ದೆಯಲ್ಲಿ ಇಪ್ಪತ್ತೊಂದಾಯಿತು. ಬಸ್ಸಿನ ಸೀಟಿನ ಮೇಲಿನ ಅಕ್ಷರ ‘ಅಂಗವಿಕಲರಿಗೆ’ ಎಂದಿದ್ದದ್ದು ‘ವಿಕಲಚೇತನರಿಗೆ’ ಎಂದಾಯಿತು, ಆಮೇಲೆ ‘ವಿಶೇಷಚೇತನರಿಗೆ’. ಪ್ರತಿ ಸಲವೂ ಹಳೆಯದನ್ನು ಅಳಿಸಿ ಬರೆಯಬೇಕಾಗಿದ್ದ ಡಿಪೋದ ಪೇಂಟರ್ ಒಂದು ದಿನ ಬ್ರಷ್ ಕೆಳಗಿಟ್ಟು ಹೇಳಿದ್ದ: “ಮಾತು ಚೆಂದ ಆಗ್ತಾ ಇದೆ ಚಂದ್ರಣ್ಣ. ಸೀಟು ಮಾತ್ರ ಅಷ್ಟೇ ಇದೆ ನೋಡು.”

ಆ ಕಾಯ್ದೆ ನನಗೆ ಅರ್ಥವಾದದ್ದು ಓದಿ ಅಲ್ಲ, ತಪ್ಪು ಮಾಡಿ. ನಿವೃತ್ತಿಗೆ ಸ್ವಲ್ಪ ಮುಂಚೆ ಆ ಸೀಟಿನಲ್ಲಿ ಗಟ್ಟಿಮುಟ್ಟಾದ ಯುವಕನೊಬ್ಬ ಕೂತಿದ್ದ. ಕೋಲು ಹಿಡಿದ ಅಜ್ಜ ನಿಂತಿದ್ದರು. “ಕೈಕಾಲು ನೆಟ್ಟಗಿದೆಯಲ್ಲಪ್ಪ, ನಾಚಿಕೆ ಆಗಲ್ವಾ? ಏಳು” ಎಂದೆ. ಅವನು ಎದ್ದ. ಪಕ್ಕದಲ್ಲಿದ್ದ ಅವನ ತಾಯಿ ನನ್ನನ್ನು ಕರೆದು, ಯಾರಿಗೂ ಕೇಳದ ಹಾಗೆ ಹೇಳಿದರು: “ಅವನಿಗೆ ಏಟು ಬಿದ್ರೆ ರಕ್ತ ನಿಲ್ಲಲ್ಲಪ್ಪ. ಬಸ್ಸು ಜಗ್ಗಿ ಬಿದ್ರೆ ಆಸ್ಪತ್ರೆಗೇ. ಎಲ್ಲಾರ ಎದುರಿಗೆ ಹೇಳಿದ್ರೆ ಅವನಿಗೆ ಬೇಜಾರು.” ನನ್ನ ಸೀಟಿಗೆ ಅವನನ್ನು ಕರೆದು ಕೂರಿಸಿದೆ. ತಪ್ಪಾಯ್ತಪ್ಪ ಎಂದೂ ಹೇಳಿದೆ. “ಪರವಾಗಿಲ್ಲ ಅಂಕಲ್, ಕಾಣಲ್ಲ ಅಲ್ವಾ” ಎಂದ. ಆ ಇಪ್ಪತ್ತೊಂದರಲ್ಲಿ ಕಣ್ಣಿಗೆ ಕಾಣದ ಇಂಥವೂ ಇದ್ದವು. ತಪ್ಪಾಯ್ತು ಎನ್ನುವುದು ಎಷ್ಟು ಸುಲಭ ಎಂದು ಅವತ್ತು ಗೊತ್ತಾಯಿತು. ನಿಂತಲ್ಲೇ, ಕೂಡಲೇ ಹೇಳಿದರೆ ಸುಲಭ.

ಶಿವಮೊಗ್ಗದ ಸಿಟಿ ಬಸ್ಸಿನಲ್ಲಿ ಕೆಲವು ಕಾಲ ಡ್ಯೂಟಿ ಮಾಡಿದೆ. ಬಾಗಿಲಲ್ಲಿ ಗಾಲಿಕುರ್ಚಿಗೆಂದು ಮಡಚುವ ಹಲಗೆ ಇತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಗಾಲಿಕುರ್ಚಿಯಲ್ಲಿ ಬಂದರು. ನಾವು ನಾಲ್ಕು ಜನ ಗಂಡಸರು ತೋಳು ಮಡಚಿ ಕುರ್ಚಿ ಎತ್ತಲು ಹೋದೆವು. “ನನ್ನನ್ನ ಎತ್ತಬೇಡಿ ಸಾರ್, ಹಲಗೆ ಇಳಿಸಿ” ಎಂದರು. ಕೊಕ್ಕೆ ತುಕ್ಕು ಹಿಡಿದಿತ್ತು. ಪಕ್ಕದ ಸೈಕಲ್ ಅಂಗಡಿಯಿಂದ ಸುತ್ತಿಗೆ ತಂದು ಬಡಿದು ಬಿಡಿಸಿದೆವು. ಆಕೆ ಗಾಲಿ ತಳ್ಳಿಕೊಂಡು ಸಲೀಸಾಗಿ ಒಳಗೆ ಬಂದರು. ಬಸ್ಸು ಹೊರಟಾಗ, ‘ನಿಮ್ಮ ಮೆಟ್ಟಿಲಿನ ತಪ್ಪು’ ಎಂದಿದ್ದ ಗಂಗಾಧರಪ್ಪ ನೆನಪಾದರು. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ವರ್ಷಗಳಾಗಿದ್ದವು.

ಟೀಚರನ್ನು ಒಮ್ಮೆ ಮಾತ್ರ ಮತ್ತೆ ಹತ್ತಿರದಿಂದ ಕಂಡೆ. ನಿವೃತ್ತಿಯ ವರ್ಷ, ಹಳೆಯ ಮಾರ್ಗಕ್ಕೆ ಬದಲಿ ಡ್ಯೂಟಿಗೆ ಹೋಗಿದ್ದೆ. ಜನ್ನಾಪುರದಲ್ಲಿ ಅವರು ನಿಂತಿದ್ದರು. ಕೂದಲು ಬೆಳ್ಳಗಾಗಿತ್ತು, ಬೂಟಿನ ಜೊತೆ ಒಂದು ಊರುಗೋಲೂ ಬಂದಿತ್ತು. ನಾನು ಇಳಿದು ಬ್ಯಾಗು ತೆಗೆದುಕೊಂಡು, “ಬನ್ನಿ ಮೇಡಂ, ವಿಶೇಷಚೇತನರ ಸೀಟು ಖಾಲಿ ಇದೆ” ಎಂದೆ. ಸರಿಯಾದ ಮಾತು ಬಳಸಿದೆನೆಂದು ಸಮಾಧಾನವೂ ಆಯಿತು. ಅವರು ಹತ್ತಿ, ಕೂತು, ಊರುಗೋಲನ್ನು ಕಾಲಿಗೆ ಒರಗಿಸಿಕೊಂಡು ನನ್ನ ಮುಖ ನೋಡಿದರು. ಗುರುತು ಹಿಡಿದಿದ್ದರು.

“ಕೂತಿದ್ದೀನಿ ಕಂಡಕ್ಟ್ರೇ. ರೈಟ್ ಹೇಳಿ.”

ಹಿಂದೆ ಅಣ್ಣ ಎನ್ನುತ್ತಿದ್ದವರು. ಅವರ ಹೆಸರು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಶಿವಮೊಗ್ಗ ಮುಟ್ಟುವುದರೊಳಗೆ ಹೇಳೋಣ ಎಂದುಕೊಂಡು “ರೈಟ್” ಎಂದೆ. ಶಿವಮೊಗ್ಗ ಬಂತು, ಅವರು ಇಳಿದರು. ನಾನು ಟಿಕೆಟ್ ಮೆಷಿನ್ ನೋಡುತ್ತ ನಿಂತಿದ್ದೆ.

ಇಷ್ಟೆಲ್ಲ ಆದ ಮೇಲೆಯೇ ಆ ತರಬೇತಿಯಲ್ಲಿ ನಾನು ಪ್ರೀತಿಯ ಮಾತು ಹೇಳಿ ಚಪ್ಪಾಳೆ ಪಡೆದದ್ದು. ಶಾಲನ್ನು ಮನೆಗೆ ತಂದು ಗೂಟಕ್ಕೆ ಹಾಕಿದೆ. ಅದನ್ನು ನೋಡಿಕೊಂಡು ಇರಲಾಗಲಿಲ್ಲ. ಆ ವಾರವೇ ಜನ್ನಾಪುರಕ್ಕೆ ಹೋದೆ. ಈ ಸಲ ಅಂಗಡಿಯ ಹತ್ತಿರ ನಿಲ್ಲದೆ ಬೀದಿಯೊಳಗೆ ನಡೆದೆ. ಮನೆ ಯಾವುದೆಂದು ಗೊತ್ತಿರಲಿಲ್ಲ. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಹೆಂಗಸನ್ನು ಟೀಚರ ಹೆಸರು ಹೇಳಿ ಕೇಳಿದೆ.

“ಆ ಹೆಸ್ರಿನೋರು ಈ ಬೀದಿಲಿ ಯಾರೂ ಇಲ್ವಲ್ಲ.”

“ಲೆಕ್ಕ ಹೇಳಿಕೊಡ್ತಿದ್ರು. ಕಾಲಿಗೆ ಬೂಟು ಹಾಕ್ತಿದ್ರು.”

“ಓ! ಹೋಲ್ಡಾನ್ ಟೀಚರಾ?” ಆಕೆಯ ಮುಖ ಅರಳಿತು. “ಮೊದ್ಲೇ ಹಂಗನ್ನಬಾರ್ದಾ. ಹೋದ ದೀಪಾವಳಿ ಮುಂಚೆ ತೀರ್ಕೊಂಡ್ರಲ್ಲ. ನನ್ ಮಗಳು ಇವತ್ತು ಒಂದು ಕೆಲಸದಲ್ಲಿದಾಳೆ ಅಂದ್ರೆ ಅವರು ಹೇಳ್ಕೊಟ್ಟ ಲೆಕ್ಕದಿಂದ. ದೇವರಂಥೋರು. ಪ್ರೀತಿಯಿಂದ ಎಲ್ಲಾ ಹಂಗೇ ಕರೀತಿದ್ವಿ.”

“ಅವರ ಎದುರಿಗೂ?”

“ಎದುರಿಗೆ ಟೀಚರ್ ಅಂತಿದ್ವಿ. ಹಂಗಂದ್ರೆ ಅವರಿಗೆ ಆಗ್ತಿರಲಿಲ್ಲ, ಯಾಕೋ. ಆ ಹೆಸ್ರು ಯಾರಿಟ್ಟರೋ, ಯಾಕಿಟ್ಟರೋ, ಯಾರಿಗೂ ಗೊತ್ತಿಲ್ಲ. ನೀವು ಅವರಿಗೇನಾಗ್ಬೇಕು?”

“ಗೊತ್ತಿದ್ದೋನು” ಎಂದು ಹೇಳಿ ಬಂದೆ. ಅಲ್ಲಿಯೂ ಹೇಳಲಿಲ್ಲ.

ಆ ವಕೀಲೆ ಹೇಳಿದ ಕಾಯ್ದೆ ಬೇಕೆಂದೇ ಅವಮಾನ ಮಾಡಿದವರನ್ನು ಹಿಡಿಯುತ್ತದೆ. ನಾನು ಬೇಕೆಂದು ಮಾಡಲಿಲ್ಲ, ಅದು ನನ್ನನ್ನು ಬಿಟ್ಟುಬಿಡುತ್ತದೆ. ಅಂದು ಪ್ರಶ್ನೆ ಕೇಳಿದ ಹುಡುಗನಿಗೆ ಈಗ ಹೇಳುತ್ತೇನೆ. ನಿನ್ನ ಮನಸ್ಸಿನಲ್ಲಿ ಪ್ರೀತಿ ಇದ್ದರೂ ಇರಬಹುದಪ್ಪ, ಹೆಸರು ಹೊತ್ತುಕೊಂಡು ತಿರುಗುವವರು ಅವರು, ನೀನಲ್ಲ. ಅವರು ಬೇಡ ಅಂದ ದಿನ ಬಿಟ್ಟುಬಿಡು. ಬಸ್ಸು ಎಷ್ಟೇ ತುಂಬಿರಲಿ, ಅಲ್ಲೇ ಹೋಲ್ಡಾನ್ ಹೇಳಿ, ತಪ್ಪಾಯ್ತು ಅಂದು, ಆಮೇಲೆ ರೈಟ್ ಅನ್ನು.

ಜನ್ನಾಪುರದವರಿಗೂ, ಅವರ ಹತ್ತಿರ ಲೆಕ್ಕ ಕಲಿತವರಿಗೂ ಒಂದು ಮಾತು. ನೀವು ಕರೆಯುತ್ತಿದ್ದ ಆ ಹೆಸರನ್ನು ಇಟ್ಟವನು ನಾನು, ಓಲ್ಡ್ ಟೌನ್ ಬಸ್ಸಿನ ಕಂಡಕ್ಟರ್ ಚಂದ್ರಪ್ಪ. ಅದನ್ನು ಇಲ್ಲಿ ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಇನ್ನು ಮುಂದೆ ನೆನೆಯುವಾಗ, ಅಂದು ಸಂಜೆ ಮಕ್ಕಳ ಮುಂದೆ, ಬಸ್ಸಿನ ಕಡೆ ತಿರುಗಿ ನಿಂತು ಅವರೇ ಬಿಡಿಸಿ ಹೇಳಿದ ಹೆಸರಿನಿಂದ ನೆನೆಯಿರಿ.

ಸುಮಿತ್ರಾ.